ಕಳೆಯ ರಾಶಿಗೆ ಕಿವಿಗೊಡುವ ಕೊಳದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ಯಾನದ ಕೊಳದ ಮೇಲೆ ಮಂಜು ಕೆನೆಗಟ್ಟಿದಂತೆ ನಿಂತಿದೆ. ದಡದಲ್ಲಿ ಒದ್ದೆ ಕಳೆಯ ರಾಶಿ. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬರು ರಾಶಿಗೆ ಕಿವಿಗೊಟ್ಟಿದ್ದಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆಯುತ್ತಾರೆ.

"ಶ್... ಇನ್ನೂ ಇಳೀತಾ ಇದಾವೆ."

ನಾನೂ ಬಗ್ಗುತ್ತೇನೆ. ಒಳಗೆಲ್ಲೋ ಸಣ್ಣಗೆ ಸರಸರ. ಆಮೇಲೆ ನೀರಿನಲ್ಲಿ ಬುಳುಕ್. ಇದು ಕನಸೋ ನನಸೋ ಎಂದು ಒಂದು ಗಳಿಗೆ ನನಗೇ ತಿಳಿಯುವುದಿಲ್ಲ.

ಇಲ್ಲಿಗೆ ಬರುವವರಿಗೆಲ್ಲ ಇವರು ಕೊಳದಕ್ಕ. ಸೊಂಟದವರೆಗೆ ನೀರಿಗಿಳಿದು, ಹಬ್ಬಿದ ಕಳೆಯನ್ನು ಎಳೆದು ಹಾಕುವುದು ಇವರ ಕೆಲಸ. ಎಳೆದದ್ದನ್ನು ಅಂದೇ ಸಾಗಿಸುವುದಿಲ್ಲ. ಬೇರಿನ ತುದಿ ನೀರಿಗೆ ತಾಗುವಂತೆ ದಡದಲ್ಲಿ ಒಂದು ರಾತ್ರಿ ಬಿಡುತ್ತಾರೆ. ಕಳೆಗೆ ಅಂಟಿಕೊಂಡು ಮೇಲೆ ಬಂದ ಬಸವನಹುಳು, ನೀರಲ್ಲೇ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿ, ಹೆಸರಿಲ್ಲದ ಚಿಕ್ಕಪುಟ್ಟ ಹುಳು ಎಲ್ಲ ತಂಪಿನಲ್ಲಿ ತೆವಳಿ ನೀರಿಗೆ ಮರಳುತ್ತವೆ. ಸದ್ದು ನಿಂತ ಮೇಲೆಯೇ ಕೈಗಾಡಿ ಹೊರಡುವುದು. ಬೆಳಗಿಗೆ ಐದಾರು ಗಾಡಿ.

ಈ ಬುದ್ಧಿ ಪೆಟ್ಟು ತಿಂದು ಬಂದದ್ದು. "ಹೊಸದಾಗಿ ಸೇರಿದಾಗ ಮನೆ ಗುಡಿಸಿದ ಹಾಗೆ ಗುಡಿಸಿಬಿಟ್ಟೆ. ಒಂದೆಲೆ ಬಿಡ್ಲಿಲ್ಲ. ಎಲ್ರೂ ಶಭಾಷ್ ಅಂದ್ರು, ನಾನೂ ಉಬ್ಬಿ ಹೋದೆ." ತಿಂಗಳು ತುಂಬುವಷ್ಟರಲ್ಲಿ ನೀರು ಹಸಿರಾಗಿ ಲೋಳೆಗಟ್ಟಿತು, ಸೊಳ್ಳೆ ಕಾಟಕ್ಕೆ ಬೆಂಚುಗಳು ಖಾಲಿಯಾದವು. ಲೋಳೆ ಕೆರೆದು ತಿನ್ನುವ ಬಸವನಹುಳುಗಳೂ ಸೊಳ್ಳೆಮರಿ ಹಿಡಿಯುವ ಚಿಟ್ಟೆಮರಿಗಳೂ ಕಳೆಯ ಜೊತೆಗೇ ಕಸದ ಗುಂಡಿ ಸೇರಿದ್ದವು. "ಹೋಗಿ ನೋಡಿದೆ. ಬರೀ ಒಣಗಿದ ಚಿಪ್ಪು, ಕಾಲಿಟ್ರೆ ಪಟಪಟ ಅಂತಿತ್ತು. ಅವತ್ತು ಊಟ ಸೇರ್ಲಿಲ್ಲ." ಅತಿಯಾದರೆ ಅಮೃತವೂ ವಿಷ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಈಗ ಮರದ ನೆರಳಿನ ಮೂಲೆಯಲ್ಲಿ ಉದುರಿದ ಎಲೆಯನ್ನು ಮುಟ್ಟುವುದಿಲ್ಲ. ಬಿಸಿಲಿಗೆ ನೀರು ಕಾದಾಗ ಹುಳುಗಳೆಲ್ಲ ಅಲ್ಲಿಗೇ ಓಡಿ ಬರುತ್ತವೆ. ನೀರು ಆಳವಿಲ್ಲದ ಕಡೆ ಅವುಗಳ ವಾಸಕ್ಕೆ ಒಂದಷ್ಟು ಕಳೆ ಉಳಿಸುತ್ತಾರೆ. ಬಸ್ ನಿಲ್ದಾಣದಲ್ಲಿ ಬೀಗ ರಿಪೇರಿ ಮಾಡುವ ಗಂಡನಿಗೆ ಇದೆಲ್ಲ ತಮಾಷೆ. "ಬಟ್ಟೆ ಒಗೆಯೋವಾಗ ನನ್ನ ಜೇಬು ನೋಡಲ್ಲ. ಕಳೇನ ಮಾತ್ರ ಒದರಿ ಒದರಿ ನೋಡ್ತಾಳೆ!" ಎನ್ನುತ್ತಾರೆ. ಕೊಳದಕ್ಕ ನಕ್ಕು, "ನಿಮ್ಮ ಜೇಬಲ್ಲಿ ಜೀವ ಇರೋದು ಏನಿದೆ?" ಎಂದು ತಿರುಗೇಟು ಕೊಡುತ್ತಾರೆ.

ಮುಂದಿನ ವಾರ ಯಂತ್ರ ಬರಲಿದೆ. ಕಿತ್ತ ಕಳೆಯನ್ನು ಅದು ನೇರ ಲಾರಿಗೆ ಸುರಿಯುತ್ತದೆ. ರಾಶಿಯ ವಾಸನೆಗೆ ವಾಕಿಂಗ್ ಮಂದಿ ಮೂಗು ಮುರಿಯುತ್ತಿದ್ದರಂತೆ. ಕೊಳದಕ್ಕನ ಕೆಲಸಕ್ಕೇನೂ ಸಂಚಕಾರವಿಲ್ಲ, ಗಿಡಗಳಿಗೆ ನೀರುಣಿಸುವ ಕೆಲಸಕ್ಕೆ ಹಾಕಿದ್ದಾರೆ. ಆದರೂ ಇವರು ಮೇಲ್ವಿಚಾರಕರ ಬಳಿ ಎಡತಾಕಿ ಬಂದಿದ್ದಾರೆ. "ನೋಡೋಣಮ್ಮ" ಎಂಬ ಉತ್ತರ ಸಿಕ್ಕಿದೆ. ಆ ನೋಡೋಣ ಕೇಳಿ ನನಗಂತೂ ಮೈ ಉರಿಯುತ್ತದೆ. ಇವರು ಮಾತ್ರ ಶಾಂತವಾಗಿ ಗಾಡಿಗೆ ಕಳೆ ತುಂಬುತ್ತಿದ್ದಾರೆ.

ಮೇಲ್ವಿಚಾರಕರಲ್ಲಿ ಏನು ಕೇಳಿಕೊಂಡಿರಿ ಎಂದರೆ ಕೈ ಒರೆಸಿಕೊಂಡು ನೀರಿನತ್ತ ನೋಡುತ್ತಾರೆ.

"ಮಿಷನ್ ಬೇಡ ಅಂದಿಲ್ಲ ಸಾರ್, ನನ್ನ ಸೊಂಟಕ್ಕೂ ವಯಸ್ಸಾಯ್ತು. ಕಿತ್ತಿದ್ದನ್ನ ಒಂದು ರಾತ್ರಿ ದಡದಲ್ಲಿ ಬಿಡ್ಲಿ, ಅಷ್ಟೇ. ಮನೆ ಖಾಲಿ ಮಾಡ್ಸೋರು ಗಂಟುಮೂಟೆ ಕಟ್ಕೊಳ್ಳೋಕಾದ್ರೂ ಟೈಮ್ ಕೊಡಲ್ವಾ?"