ಲೆವಾನನ ಗುಡಾಣ

ಅಥವಾ ಆ ಫೋನು ಬಂದ ದಿನ ಶುಕ್ರವಾರವೇ ಆಗಿರಲಿಲ್ಲವೇನೋ. ಶುಕ್ರವಾರ ಮಮ್ಮಿಗೆ ರಜೆ ಸಿಗುತ್ತಿರಲಿಲ್ಲ. ಆದರೂ ನನ್ನ ನೆನಪಿನಲ್ಲಿ ಆಕೆ ಮನೆಯಲ್ಲಿದ್ದಳು, ಮೀನು ಹುರಿಯುತ್ತಿದ್ದಳು.

ಆ ದಿನಗಳಲ್ಲಿ ಗಲ್ಫಿನಲ್ಲಿ, ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನ ಹಾಲನ್ನು ಪ್ಲೈವುಡ್ಡಿನಿಂದ ಎರಡಾಗಿಸಿ, ಒಂದು ಪಾಲನ್ನು ತಮಾರಾ ಆಂಟಿಗೆ ಕೊಟ್ಟಿದ್ದೆವು. ಅವರಿಗೂ ಮಮ್ಮಿಗೂ ಒಂದೇ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಜಾರ್ಜಿಯಾದ ಗುಡ್ಡದ ಮೇಲಿನ, ದ್ರಾಕ್ಷಿತೋಟಗಳ ಪುಟ್ಟ ಊರು ಅವರದು. ಅವರ ಅರೆಬರೆ ಹಿಂದಿ ನನ್ನ ತಲೆಯಲ್ಲಿ ಈಗ ಕನ್ನಡವಾಗಿಬಿಟ್ಟಿದೆ.

ಕ್ರಿಸ್ಮಸ್ ವೈನಿಗೆಂದು ಮಮ್ಮಿ ಭರಣಿಗೆ ದ್ರಾಕ್ಷಿ, ಸಕ್ಕರೆ, ಗೋಧಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಸಿಂಕಿನ ಕೆಳಗೆ ಅಡಗಿಸಿದ್ದಳು. ಅದರ ಹುಳಿ ವಾಸನೆ ನನ್ನ ಯೂನಿಫಾರ್ಮಿಗೂ ಹತ್ತಿತ್ತು.

"ವಾಚ್‌ಮನ್‌ನ ಮೂಗಿಗೆ ಹೋದ್ರೆ ಖಲಾಸ್," ಎಂದಿದ್ದಳು ಮಮ್ಮಿ; ಮನೆಯಲ್ಲಿ ವೈನ್ ಹಾಕುವುದು ಅಲ್ಲಿ ಅಪರಾಧ.

"ಸಕ್ಕರೆ ಹಾಕ್ತೀಯಾ ಗ್ರೇಸಿ? ಇದು ವೈನಲ್ಲ, ಕೆಮ್ಮಿನ ಔಷಧಿ!" ತಮಾರಾ ಆಂಟಿ ನಕ್ಕಿದ್ದರು.

"ಆಯ್ತು ಮಾರಾಯ್ತಿ, ಕುಡಿಯುವಾಗ ನೋಡುವಾ."

ಅವರ ಊರಿನಲ್ಲಿ ಆಳೆತ್ತರದ ಮಣ್ಣಿನ ಗುಡಾಣವನ್ನು ಕಂಠದವರೆಗೆ ನೆಲದಲ್ಲಿ ಹೂತು, ಮಗು ಹುಟ್ಟಿದ ವರ್ಷದ ದ್ರಾಕ್ಷಿರಸ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರಂತೆ. ತೆರೆಯುವುದು ಆ ಮಗುವಿನ ಮದುವೆಗೆ. ಮಗ ಲೆವಾನನ ಗುಡಾಣ ತೆರೆಯುವಾಗ ತಾನು ಅಲ್ಲಿರಬೇಕು. ಆಂಟಿಗೆ ಬೇರೆ ಆಸೆ ಇರಲಿಲ್ಲ. ಸೀಸನ್ ಮುಗಿಯುವವರೆಗೆ ಹೋಟೆಲಿನವರು ರಜೆ ಕೊಡುತ್ತಿರಲಿಲ್ಲ.

ಆ ದಿನ ಊರಿನಿಂದ ಫೋನು ಬಂತು. ಮಾತು ಮುಗಿಸಿ ಅಡುಗೆಮನೆಗೆ ಬಂದ ಆಂಟಿ, "ಲೆವಾನನ ಗುಡಾಣ ತೆರೆದರು" ಎಂದಷ್ಟೇ ಹೇಳಿದರು.

"ಓ ದೇವಾ! ಮದುವೆ ಆಯ್ತಾ? ನಿನ್ನನ್ನು ಬಿಟ್ಟು?" ಮಮ್ಮಿ ಮಸಾಲೆಯ ಕೈಯಲ್ಲೇ ಅವರನ್ನು ಅಪ್ಪಿಕೊಂಡಳು. "ಬೇಬಿ, ಕೆಳಗೆ ಓಡು, ಲಡ್ಡು ತಾ!"

"ಮದುವೆಯಲ್ಲ, ಗ್ರೇಸಿ. ಮದುವೆಯಾಗದೆ ತೀರಿಹೋದರೆ, ಮಣ್ಣಿಗೆ ಬಂದವರಿಗೆ ಅದನ್ನೇ ಕೊಡುವುದು."

ಮೀನು ಸೀದ ವಾಸನೆ. ಅದೊಂದು ಮಾತ್ರ ಖಂಡಿತ.

ಮಮ್ಮಿ ಕ್ರಿಸ್ಮಸ್‌ಗೆ ಕಾಯದೆ ಭರಣಿಯ ಬಟ್ಟೆ ಬಿಚ್ಚಿ ಒಂದು ಲೋಟ ಬಗ್ಗಿಸಿದಳು. ಆಂಟಿ ಖುಬ್ಬೂಸ್ ರೊಟ್ಟಿಯ ತುಂಡಿನ ಮೇಲೆ ನಾಲ್ಕು ಹನಿ ಚೆಲ್ಲಿದರು. ಅದು ಸತ್ತವರ ಪಾಲಂತೆ. ಉಳಿದದ್ದನ್ನು ಕುಡಿದು, "ಸಿಹಿ ಜಾಸ್ತಿ" ಎಂದರು.

ಈಗ ಕೇಳಿದರೆ ಮಮ್ಮಿ, "ನಾನೆಲ್ಲಿ ಅಪ್ಪಿಕೊಂಡೆ? ಲಡ್ಡಿನ ಮಾತೇ ಬರ್ಲಿಲ್ಲ" ಎನ್ನುತ್ತಾಳೆ. ಆಮೇಲೆ ಆಕೆ ಎಂದೂ ವೈನ್ ಹಾಕಲಿಲ್ಲ; ಭರಣಿಯಲ್ಲಿ ಈಗ ಅಕ್ಕಿ ಇದೆ. ಸೀಸನ್ ಮುಗಿದ ಮೇಲೆ ಊರಿಗೆ ಹೋದ ಆಂಟಿ ಮರಳಲಿಲ್ಲ. ಅವರ ನಂಬರು ಈಗ ಬೇರೆ ಯಾರದೋ.

ಲೆವಾನ್ ಹೇಗೆ ಸತ್ತ, ನನಗೆ ಗೊತ್ತಿಲ್ಲ. ಆ ಗುಡಾಣದಿಂದ ತಾಯಿಗೆಂದು ಯಾರಾದರೂ ಒಂದು ಲೋಟ ತೆಗೆದಿಟ್ಟಿದ್ದರೋ, ಅದೂ ಗೊತ್ತಿಲ್ಲ.