ಅಕ್ಕನ ತವರು ಇದ್ದ ರಸ್ತೆ

ಹೋದ ವಾರ ದೇವರಾಜ ಮೊಹಲ್ಲಾದಲ್ಲಿ ಹಳೇ ಮರಮುಟ್ಟು ಮಾರುವ ಅಂಗಡಿಯೊಂದರ ಮುಂದೆ ಅರೆಬಾಗಿಲೊಂದು ಗೋಡೆಗೆ ಒರಗಿತ್ತು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ‘ಫ್ಯಾಮಿಲಿ ರೂಮ್’ ಎಂಬ ಬಿಳಿ ಅಕ್ಷರಗಳನ್ನು ಇನ್ನೂ ಓದಬಹುದಿತ್ತು. ಯಾವ ಹೋಟೆಲಿನದೋ ತಿಳಿಯದು. ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಪಕ್ಕದ ಮನೆಯ ಅಕ್ಕ ನೆನಪಾದರು...

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ನಂಜನಗೂಡಿನ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದವಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಾದ ಅಕ್ಕ, ಸಂಜೆ ಕೆಲಸ ಮುಗಿದ ಮೇಲೆ ನನ್ನನ್ನು ಸಯ್ಯಾಜಿರಾವ್ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು. ಊರಿನ ಅನುಕೂಲಸ್ಥರೆಲ್ಲ ಬರುತ್ತಿದ್ದ ರಸ್ತೆ ಅದು. ರೇಷ್ಮೆ ಅಂಗಡಿ, ಬೆಳ್ಳಿ ಅಂಗಡಿ, ಗಾಜಿನ ಬೀರುವಿನಲ್ಲಿ ಅತ್ತರಿನ ಸೀಸೆಗಳು, ಸಿಹಿ ಅಂಗಡಿಯಿಂದ ಬೀದಿಗೇ ಬರುತ್ತಿದ್ದ ತುಪ್ಪದ ವಾಸನೆ. ಎಲ್ಲವನ್ನೂ ನೋಡಿ, ಮಾರ್ಕೆಟ್ಟಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಹಿಂತಿರುಗುತ್ತಿದ್ದೆವು.

ಅಕ್ಕ ಹುಟ್ಟಿ ಬೆಳೆದದ್ದು ಅದೇ ರಸ್ತೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಮನೆ ಮಾರಿ ಊರು ಬಿಟ್ಟಿದ್ದರು. ಕೊಂಡವರು ಅದನ್ನು ಕೆಡವಿ ದೊಡ್ಡ ಬಟ್ಟೆ ಅಂಗಡಿ ಕಟ್ಟಿಸಿದ್ದರು. ಅದರ ಗಾಜಿನ ಹಿಂದೆ ಜರಿ ಸೀರೆ ಉಡಿಸಿದ ಗೊಂಬೆ ನಿಂತಿರುತ್ತಿತ್ತು.

“ಆ ಗೊಂಬೆ ನಿಂತಿದೆಯಲ್ಲ, ಅಲ್ಲಿ ನಮ್ಮ ಹಸು ಕಟ್ಟಾಕ್ತಿದ್ವಿ ಕಣೇ. ಜರಿ ಸೀರೆ ಉಡಿಸಿದ್ರೆ ಅದೂ ಇಷ್ಟೇ ಚೆಂದ ಕಾಣ್ತಿತ್ತು,” ಎಂದು ಅಕ್ಕ ನಗುತ್ತಿದ್ದರು. ಆದರೆ ಒಮ್ಮೆಯೂ ಆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಹಿತ್ತಲಲ್ಲಿ ಅವರಮ್ಮ ನೆಟ್ಟ ಪನ್ನೇರಳೆ ಮರವಿತ್ತಂತೆ. ಅದು ಇದೆಯೋ ಇಲ್ಲವೋ ಗೊತ್ತಿರಲಿಲ್ಲ. “ಕೇಳಿ ನೋಡೋಣ ಬನ್ನಿ” ಎಂದರೆ, “ನನ್ನ ತವರು ನೋಡೋಕೆ ಇನ್ಯಾರನ್ನೋ ಕೇಳ್ಬೇಕಾ?” ಎನ್ನುತ್ತಿದ್ದರು.

ಅಕ್ಕನ ಯಜಮಾನರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಆ ಬಟ್ಟೆ ಅಂಗಡಿಯ ಪಕ್ಕದಲ್ಲೊಂದು ಮಹಡಿ ಹೋಟೆಲಿತ್ತು. ಅದರ ಕಿಟಕಿಯಿಂದ ಆ ಹಿತ್ತಲು ಕಾಣುತ್ತದೆಂದು ನನ್ನವರು ಹೇಳಿದ್ದರು. “ಒಂದ್ಸಲ ನೋಡ್ಬುಟ್ಟು ಹೋಗ್ತೀನಿ, ನೀನೂ ಬಾರೇ,” ಎಂದರು ಅಕ್ಕ. ಆಗ ನಮ್ಮಂಥ ಮನೆಯ ಹೆಂಗಸರು ಹೋಟೆಲಿಗೆ ಹೋಗುತ್ತಿದ್ದುದೇ ಅಪರೂಪ. ಹೋದರೂ ಅರೆಬಾಗಿಲಿನ ಹಿಂದಿನ ಕೋಣೆಯಲ್ಲಿ, ಗಂಡಸರಿಗೆ ಕಾಣದಂತೆ ಕೂರಬೇಕಿತ್ತು. ಆ ಕೋಣೆಗೆ ಕಿಟಕಿ ಇರಲಿಲ್ಲ.

ಮಾಣಿ ನಮ್ಮನ್ನು ಕಂಡವನೇ, “ಫ್ಯಾಮಿಲಿ ರೂಮ್ ಈ ಕಡೆ ತಾಯಿ,” ಎಂದ.

“ಗೋಡೆ ನೋಡ್ಕೊಂಡು ತಿನ್ನಕ್ಕೆ ನಮ್ಮನೆ ಅಡುಗೆಮನೆ ಸಾಲ್ದೇನಪ್ಪ? ಆ ಕಿಟಕಿ ಹತ್ರ ಕೂತ್ಕೋತೀವಿ.”

ಗಲ್ಲಾದಲ್ಲಿದ್ದವರು ತಲೆ ಎತ್ತಿದರು. “ಅಲ್ಲಿ ಗಂಡಸ್ರು ಕೂತ್ಕೊಳ್ಳೋದು ಕಣಮ್ಮ.”

“ಕೂತ್ಕೊಳ್ಳಲಿ ಬುಡಿ. ಅವರ ತಟ್ಟೆಗೇನು ನಾವು ಕೈ ಹಾಕ್ತೀವಾ?”

ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಕ್ಕ ಆಗಲೇ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಿದ್ದರು.

ಮರ ಇರಲಿಲ್ಲ. ಹಿತ್ತಲಿನ ತುಂಬ ತಗಡು ಹೊದಿಸಿದ ಗೋದಾಮು. ಮೂಲೆಯಲ್ಲಿ ಒಂದು ಒಗೆಯುವ ಕಲ್ಲು ಮಾತ್ರ ಉಳಿದಿತ್ತು. ಕೆಲಸದ ಹೆಂಗಸೊಬ್ಬಳು ನೆಲ ಒರೆಸುವ ಬಟ್ಟೆಯನ್ನು ಅದರ ಮೇಲೆ ಕುಕ್ಕುತ್ತಿದ್ದಳು. “ಅಮ್ಮನ ಕಲ್ಲು,” ಎಂದರು ಅಕ್ಕ. ಮೇಜಿನ ಕೆಳಗೆ ನನ್ನ ಮಣಿಕಟ್ಟನ್ನು ಹಿಡಿದರು. ಹೆಂಗಸು ಒಗೆದು, ಬಟ್ಟೆ ಹರವಿ ಒಳಗೆ ಹೋಗುವ ತನಕ ಅಕ್ಕ ಕಣ್ಣು ತೆಗೆಯಲಿಲ್ಲ. ದೋಸೆ ಬಂದು ಆರಿಹೋಯಿತು.

“ಸರಿಯಾಗಿ ಹಿಂಡಲೇ ಇಲ್ಲ ಅವಳು,” ಎಂದರು ಕೊನೆಗೆ. ಅಷ್ಟೇ.

ಆ ವಾರವೇ ಅಕ್ಕ ಹೊರಟರು. ಮತ್ತೆ ಮೈಸೂರಿಗೆ ಬರಲಿಲ್ಲ... ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಮೊನ್ನೆ ಅವರ ಮಗಳು ಬಂದಿದ್ದಳು. ಅವಳಿಗೂ ಈಗ ತಲೆ ನರೆತಿದೆ. “ಚಿಕ್ಕಮ್ಮ, ಅಮ್ಮನ ತವರು ಎಲ್ಲಿತ್ತು, ತೋರಿಸ್ತೀರಾ?” ಎಂದಳು. ಕರೆದುಕೊಂಡು ಹೋದೆ. ಹೋಟೆಲು ಹೋಗಿದೆ. ಅಂಗಡಿ ಕೈ ಬದಲಾಗಿ, ಇನ್ನೂ ಎರಡು ಅಂತಸ್ತು ಎದ್ದಿದೆ. ಒಗೆಯುವ ಕಲ್ಲು ಇದ್ದ ಹಿತ್ತಲು ಯಾವ ಕಡೆಗಿತ್ತೆಂದು ಈಗ ನನಗೂ ಗುರುತಾಗಲಿಲ್ಲ. ರಸ್ತೆಯಲ್ಲೇ ನಿಂತು, “ಇಲ್ಲೇ ಕಣಮ್ಮ,” ಎಂದೆ. ನಾವು ನೋಡುತ್ತಿದ್ದುದನ್ನು ಕಂಡ ಅಂಗಡಿಯ ಕೆಲಸದ ಹುಡುಗಿ ಗಾಜಿನ ಬಾಗಿಲು ತೆರೆದು, “ಬನ್ನಿ ಅಮ್ಮ, ಒಳಗ್ ಬನ್ನಿ,” ಎಂದು ಕರೆದಳು.

ಅಕ್ಕನ ಮಗಳು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಳು.

“ಪರವಾಗಿಲ್ಲ ಮೇಡಂ, ಹಾಕ್ಕೊಂಡೇ ಬನ್ನಿ,” ಎಂದಳು ಹುಡುಗಿ.

ಅಕ್ಕನ ಮಗಳು ಬರಿಗಾಲಿನಲ್ಲೇ ಒಳಗೆ ಹೋದಳು.