ಎಡಮೂಲೆ ಹಿಡಿದವಳು

ನಾನು ಆಳಂದದ ಕಡೆಯವಳು. ಅಫಜಲಪುರದಲ್ಲಿ ನಾಲ್ಕು ವರ್ಷ ಮಕ್ಕಳನ್ನು ಓಡಿಸಿ, ನಾನೂ ಸ್ವಲ್ಪ ದಪ್ಪಗಾಗಿ, ವರ್ಗವಾಗಿ ಕೊಳಕೂರಿನ ಆಚೆಗಿನ ಒಂದು ಹೈಸ್ಕೂಲಿಗೆ ಪೀಟಿ ಟೀಚರಾಗಿ ಬಂದೆ. ಸಿಟ್ಟು ಮಾತ್ರ ಅಲ್ಲಿಂದಲೇ ಜೊತೆಗೆ ಬಂತು.

ಆ ಶಾಲೆಯಲ್ಲಿ ಒಬ್ಬ ಹುಡುಗಿ. ಎಡಗಾಲು ಹುಟ್ಟಿನಿಂದಲೇ ಸೊರಗಿತ್ತು, ಕೋಲೂರಿ ನಡೆಯುತ್ತಿದ್ದಳು. ಆಟದ ಪಿರಿಯಡ್ಡಿನಲ್ಲಿ ಅವಳನ್ನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಉಳಿದವರ ಚಪ್ಪಲಿ, ನೀರಿನ ಬಾಟಲಿ ಕಾಯಲು ಹಚ್ಚುತ್ತಿದ್ದೆ. ಕ್ರೀಡಾಕೂಟದ ದಿನ ಎಲ್ಲರಿಗಿಂತ ಮೊದಲು ಅವಳ ಹೆಸರು ಕೂಗಿ ‘ವಿಶೇಷ ಬಹುಮಾನ’ ಎಂದು ಒಂದು ಸ್ಟೀಲ್ ತಾಟು ಕೊಡುತ್ತಿದ್ದೆವು. ಊರವರು ಚಪ್ಪಾಳೆ ಹೊಡೆಯುತ್ತಿದ್ದರು, ನನಗೆ ಕಣ್ಣೀರು ಬರುತ್ತಿತ್ತು. ಇಂಥ ಮಕ್ಕಳನ್ನು ಎಲ್ಲರ ಜೊತೆಗೇ ಕಲಿಸುವ ಸಮನ್ವಯ ಶಿಕ್ಷಣದ ತರಬೇತಿಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದವಳು ನಾನು. ಸಮನ್ವಯ ಅಂದರೆ ಇದೇ ಅಂದುಕೊಂಡಿದ್ದೆ.

ಅವಳು ಹತ್ತನೇ ತರಗತಿಗೆ ಬಂದ ವರ್ಷ, ಕ್ರೀಡಾಕೂಟಕ್ಕೆ ವಾರವಿರುವಾಗ ನನ್ನ ಮುಂದೆ ಬಂದು ನಿಂತಳು.

“ಟೀಚರ್, ಮನ್ಯಾಗ ಎರಡು ತಾಟು ಅದಾವ್ರಿ. ಮೂರನೇದು ಬ್ಯಾಡ್ರಿ. ಇದು ಕೊನೀ ವರ್ಷ, ನಾ ಕಬಡ್ಡಿ ಆಡ್ತೇನ್ರಿ.”

ನಕ್ಕುಬಿಟ್ಟೆ. ಕೂತುಕೊಂಡು ಆಡುವ ಆಟವಲ್ಲ ಅದು ಅಂದೆ. ಕೂತು ಆಡಬಾರದು ಅಂತ ಯಾವ ನಿಯಮದಲ್ಲಿದೆ ಎಂದು ಕೇಳಿದಳು. ಎಲ್ಲೂ ಇರಲಿಲ್ಲ, ಹಾಗಾಗಿ ನನಗೆ ಸಿಟ್ಟು ಬಂತು. ದುಪಟ್ಟಾ ಸೊಂಟಕ್ಕೆ ಬಿಗಿದು, ನಾನೇ ರೇಡ್ ಬರುತ್ತೇನೆ, ಹಿಡಿ ನೋಡೋಣ ಅಂದೆ. ಮೆಲ್ಲಗೆ ಮುಟ್ಟಿ ಬಂದರೆ ಹುಡುಗಿಯ ಹುಚ್ಚು ಇಳಿಯುತ್ತದೆ ಎಂಬುದು ನನ್ನ ಲೆಕ್ಕ.

ಅವಳು ಎಡಮೂಲೆಯಲ್ಲಿ ಕೂತಳು. ಕಬಡ್ಡಿ ಕಬಡ್ಡಿ ಎನ್ನುತ್ತ ಹೋಗಿ ಬಗ್ಗಿದೆನೋ ಇಲ್ಲವೋ, ನನ್ನ ಪಾದದ ಗಂಟು ಅವಳ ಎರಡೂ ಕೈಯಲ್ಲಿತ್ತು. ದಿನಾ ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುವ ಕೈಗಳವು. ಬಕ್ಕಬಾರಲು ಬಿದ್ದೆ, ಬಾಯ್ತುಂಬ ಎರೆಮಣ್ಣು. ಬಿಸಿಯೂಟದ ಅಡುಗೆಯಕ್ಕ ಸವಟು ಹಿಡಿದು ಹೊರಗೆ ಬಂದವಳು, ನನ್ನನ್ನು ನೋಡಿ, ನಗುವುದಕ್ಕೆಂದೇ ಒಳಗೆ ಹೋದಳು. ತಂಡದ ಪಟ್ಟಿಯಲ್ಲಿ ಅವಳ ಹೆಸರು ಬರೆದೆ. ಬೇರೆ ದಾರಿಯೇ ಇರಲಿಲ್ಲ.

ಕ್ರೀಡಾಕೂಟದ ದಿನ ಹತ್ತನೇ ತರಗತಿಗೂ ಒಂಬತ್ತನೇ ತರಗತಿಗೂ ಪಂದ್ಯ, ಸೀಟಿ ನನ್ನ ಕೈಯಲ್ಲಿ. ಒಂಬತ್ತನೇ ತರಗತಿಯ ಹುಡುಗಿಯರು ಭಾರಿ ಸಂಭಾವಿತರು. ರೇಡ್ ಬಂದವರೆಲ್ಲ ಎಡಮೂಲೆಯನ್ನು ಬಿಟ್ಟು ಬಲಕ್ಕೇ ಸುತ್ತು ಹಾಕಿ ಓಡುತ್ತಿದ್ದರು. ಪಾಪ, ಅವಳನ್ನು ಹೇಗೆ ಮುಟ್ಟುವುದು! ಈ ಪಾಪ ಅನ್ನುವುದನ್ನು ಎರಡು ವರ್ಷ ಅವರಿಗೆ ಕಲಿಸಿದವಳು ನಾನೇ. ಅರ್ಧ ಆಟ ಮುಗಿದರೂ ಅವಳ ಹತ್ತಿರ ಯಾರೂ ಸುಳಿಯಲಿಲ್ಲ. “ಬಾ ಬೇ, ನಾ ಇಲ್ಲೇ ಕುಂತೇನಿ” ಎಂದು ಕರೆದಳು. ಕೇಳಿದವಳು ತಲೆ ತಗ್ಗಿಸಿ ಓಡಿದಳು. ಮೂಲೆಯಲ್ಲಿ ಕೂತವಳು ಅಂಗೈಯಿಂದ ನೆಲ ಬಡಿದದ್ದು ನನಗೆ ಕಂಡಿತು. ನಾಚಿಕೆಯಾಯಿತು.

ದ್ವಿತೀಯಾರ್ಧದಲ್ಲಿ ಒಂಬತ್ತನೇ ತರಗತಿಯ ಒಂದು ಗಿಡ್ಡ ಹುಡುಗಿ ಬಂತು. ದಯೆ, ದಾಕ್ಷಿಣ್ಯ ಒಂದೂ ಇಲ್ಲದ್ದು. ನೇರ ಎಡಮೂಲೆಗೆ ನುಗ್ಗಿ, ಇವಳ ನೆತ್ತಿಗೆ ಟಪ್ ಅಂತ ಹೊಡೆದು, ಕೈಗೆ ಸಿಗುವ ಮೊದಲೇ ಗೆರೆ ದಾಟಿ ಹೋಯಿತು. ಜೀವನದಲ್ಲಿ ಮೊದಲ ಆಟ, ಹೋಗಲಿ ಬಿಡು ಎಂದು ನಾನು ಏನೂ ಕಾಣದವಳ ಹಾಗೆ ಆಕಾಶ ನೋಡಿದೆ.

“ಟೀಚರ್, ನಾ ಔಟ್ ಆಗೇನ್ರಿ. ಸೀಟಿ ಊದ್ರಿ.”

ಊದಿದೆ. ಅವಳು ಕೈಯೂರಿ ಜರುಗುತ್ತ ಗೆರೆಯಾಚೆ ಹೋಗಿ, ಔಟಾದವರ ಸಾಲಿನಲ್ಲಿ ಕೂತಳು. ಅವಳ ಕ್ಯಾಪ್ಟನ್ ಅಲ್ಲಿಗೇ ಬಂದು, ಕೈ ಮುಂದಿಟ್ಟುಕೋ ಅಂತ ಎಷ್ಟು ಸಲ ಹೇಳಿದ್ದೆ, ಕಣ್ಣು ಎಲ್ಲಿಟ್ಟಿದ್ದೆ ಎಂದು ಬಾಯಿಗೆ ಬಂದಂತೆ ಬೈದಳು. ಆ ಮೈದಾನದಲ್ಲಿ ಅವಳನ್ನು ಯಾರಾದರೂ ಬೈದದ್ದು ಅದೇ ಮೊದಲು. ಅವಳು ತಿರುಗಿ ಬೈದಳು.